ನಾಲ್ಕನೇ ಕರೆನ್ಸಿಯ ಗಿರಾಕಿ

"ಕಾಲು! ಕಾಲೆತ್ತಿ!"

ಸೂಜಿ ಒಂದು ಕಾಲನ್ನು ಗಾಳಿಯಲ್ಲಿ ಹಿಡಿದು ಕೊಕ್ಕರೆಯ ಹಾಗೆ ನಿಂತಳು. ಅವಳ ಬೂಟಿನಡಿಯಿಂದ ಒಂದು ಕಣ್ಣು ಉರುಳಿ ಹೋಯಿತು. ನೀಲಿ ಕಣ್ಣು. ಮೇಜಿನ ಕಾಲಿಗೆ ಬಡಿಯಿತು. ತಿರುಗಿ ಅವಳನ್ನೇ ನೋಡುತ್ತ ನಿಂತಿತು.

ನೆಲದ ತುಂಬ ಕಣ್ಣುಗಳೇ. ಕಂದು, ಹಸಿರು, ಬೂದು. ಬೋರಲು ಬಿದ್ದ ಕಪಾಟಿನಿಂದ ಚೆಲ್ಲಿ ಬಾಗಿಲವರೆಗೂ ಹರಡಿದ್ದವು. ಬಾಗಿಲ ಬೀಗ ಮುರಿದು ನೇತಾಡುತ್ತಿತ್ತು.

"ಒಡೆದದ್ದು ಸಾಲದಾ? ನೀವೂ ಬಂದು ತುಳೀಬೇಕಾ?"

ಕೇಳಿದವಳು ತಲೆ ಎತ್ತಲಿಲ್ಲ. ಗ್ಯಾಸ್ ಉರಿಯ ಮುಂದೆ ಕೂತಿದ್ದಳು. ಎರಡೂ ಕೈಯಲ್ಲಿ ಗಾಜಿನ ಕೊಳವೆ ಹಿಡಿದು ಒಂದೇ ಸಮನೆ ತಿರುಗಿಸುತ್ತಿದ್ದಳು. ತುದಿಯಲ್ಲಿ ಕೆಂಡದಂಥ ಗುಂಡು ಊದಿಕೊಳ್ಳುತ್ತಿತ್ತು. ಈ ಕಾರ್ಖಾನೆಯ ಒಡತಿ ಅವಳೇ. ಕೆಲಸಕ್ಕೆ ಬಂದು ಹೋಗುವವರಿಗೆಲ್ಲ ಅವಳು ಅಕ್ಕ. ಬೊಂಬೆಗಳಿಗೆ, ಸೂತ್ರದ ಗೊಂಬೆಯಾಟದವರಿಗೆ, ಮ್ಯೂಸಿಯಂಗಳಲ್ಲಿ ಹುಲ್ಲು ತುಂಬಿ ನಿಲ್ಲಿಸಿದ ಪ್ರಾಣಿಗಳಿಗೆ ಗಾಜಿನ ಕಣ್ಣು ಮಾಡುವುದು ಅವಳ ಕಸುಬು. ಗಿರಾಕಿಗಳೆಲ್ಲ ಹೊರದೇಶದವರು. ವ್ಯಾಪಾರವೆಲ್ಲ ಆನ್‌ಲೈನ್.

"ನಾನು ವಿಮೆ ಕಂಪನಿಯಿಂದ," ಸೂಜಿ ಅಂದಳು. "ತನಿಖೆ ಮುಗಿಯೋವರೆಗೆ ಇಲ್ಲಿ ಯಾರೂ ಕೆಲಸ ಮಾಡಬಾರದು."

"ಅದು ನಿಮ್ಮ ಕಾನೂನು. ಗಾಜಿಗೆ ಗೊತ್ತಿಲ್ಲ. ಕೈ ನಿಂತರೆ ಸೋರಿಹೋಗುತ್ತೆ."

ಸೂಜಿ ಅನ್ನೋದು ಕಚೇರಿಯವರು ಇಟ್ಟ ಹೆಸರು. ಹೊಗಳಿ ಇಟ್ಟದ್ದಲ್ಲ. ಚುಚ್ಚಿದರೆ ರಕ್ತ ಬರದೆ ಈಚೆ ಬರುವವಳಲ್ಲ ಎಂದು ಇಟ್ಟದ್ದು. ಅವಳಿಗೇನೂ ಬೇಸರವಿರಲಿಲ್ಲ.

"ಹೋಗಿರೋದೇನು?"

"ನಲವತ್ತು ಜೊತೆ ಗೂಬೆಕಣ್ಣು." ಉತ್ತರ ಹಿಂದಿನಿಂದ ಬಂತು. ಅಕ್ಕನ ಗಂಡ. ಇಸ್ತ್ರಿ ಅಂಗಿ. ಅಂಗೈಗೆ ಅಂಟಿಕೊಂಡಂತೆ ಫೋನು. ಆನ್‌ಲೈನ್ ಅಂಗಡಿ ನೋಡಿಕೊಳ್ಳುವುದು ಅವನು. "ಹೊರದೇಶದ ಒಂದು ಮ್ಯೂಸಿಯಂ ಯೂರೋದಲ್ಲಿ ಮುಂಗಡ ಕೊಟ್ಟು ಮಾಡಿಸಿದ್ದು ಮೇಡಂ. ನೆಲದ ಮೇಲಿರೋದೆಲ್ಲ ಬೊಂಬೆ ಕಣ್ಣು. ಅದನ್ನ ಮುಟ್ಟಿಲ್ಲ. ನೇರ ಒಳಗಿನ ಡ್ರಾಯರ್‌ಗೇ ಕೈ ಹಾಕಿದಾನೆ. ಆದ್ರೆ..."

"ಆದ್ರೆ?"

"ಮನೆ ಮಾತು. ನಾಲಿಗೆ ಏಳಲ್ಲ."

"ಎಬ್ಬಿಸಿ."

"ಆ ಡ್ರಾಯರ್ ಗೊತ್ತಿರೋದು ಮೂರೇ ಜನಕ್ಕೆ. ನಾನು, ಇವಳು, ಇವಳ ತಮ್ಮ."

"ಅವನ ಹೆಸರು ಎತ್ತಬೇಡಿ," ಅಕ್ಕ ಅಂದಳು.

"ಎಲ್ಲೇ ಎತ್ತಿದೆ? ತಮ್ಮ ಅಂದೆ ಅಷ್ಟೇ."

ಸೂಜಿ ಅವನ ಮುಖ ನೋಡಿದಳು. "ಮನೆಯವರೇ ಕದ್ದಿದ್ರೆ ವಿಮೆಯಿಂದ ಬಿಡಿಗಾಸೂ ಬರಲ್ಲ. ಗೊತ್ತಲ್ಲ?"

"ಗೊತ್ತು. ಏನ್ ಮಾಡೋದು? ಸತ್ಯ ಸತ್ಯಾನೇ."

"ದೊಡ್ಡ ಸತ್ಯಸಂಧರು," ಅಕ್ಕ ಉರಿಗೆ ಹೇಳಿದ ಹಾಗೆ ಹೇಳಿದಳು. "ವಿಮೆ ಬರದಿದ್ರೆ ಆ ಮುಂಗಡ ವಾಪಸ್ ಕೊಡೋಕೆ ಈ ಕಾರ್ಖಾನೆ ಮಾರಬೇಕು. ಹೊರದೇಶದ ಕಂಪನಿಯೊಂದು ಬಾಯಿ ತೆರೆದು ಕೂತಿದೆ. ನನ್ನ ಹೆಸರು, ನನ್ನ ಬಣ್ಣದ ಗುಟ್ಟು, ಎಲ್ಲಾ ಸೇರಿಸಿ ಕೊಡಬೇಕಂತೆ. ಸಂಜೆ ಸಹಿ."

"ಆರ್ಡರ್ ಇಲ್ವಾ ನಿಮಗೆ?"

"ರಾಶಿ ಇದೆ. ಊದೀ ಊದೀ ಕೆನ್ನೆ ಜೋತುಬಿದ್ದಿದೆ. ಕೈಗೆ ಮಾತ್ರ ಏನೂ ಬರಲ್ಲ. ಗಾಜಿನ ಕಣ್ಣಿಗೆ ಬೆಲೆ ಹೋಯ್ತು ಅಂತಾರೆ ಇವರು."

"ಮಾರ್ಕೆಟ್ ಹಾಗಿದೆ ಮೇಡಂ," ಗಂಡ ನಕ್ಕ. ಅವನೊಬ್ಬನೇ ನಕ್ಕ.

*

ತಮ್ಮ ಪಕ್ಕದ ಕೋಣೆಯಲ್ಲಿ ಪಾರ್ಸೆಲ್ ಕಟ್ಟುತ್ತಿದ್ದ. ಗಾಜು ಚುಚ್ಚದ ಹಾಗೆ ಮೊಣಕೈವರೆಗೆ ದಪ್ಪ ಕೈಗವಸು. ಅವಳನ್ನು ಕಂಡದ್ದೇ ಅಂಟಿನ ಟೇಪನ್ನು ಹಲ್ಲಿನಿಂದ ಕಚ್ಚಿ ಹರಿದ.

"ಬಂದ್ರಾ? ನನ್ನ ತಲೆ ಮೇಲೆ ಗೂಬೆ ಕೂರಿಸೋಕೆ? ನಲವತ್ತು ಜೊತೆ ಇದೆ, ಒಂದೊಂದೇ ಕೂರಿಸಿ."

"ನಿಮ್ಮ ಚೀಲ ತೋರಿಸಿ."

"ತೋರಿಸದಿದ್ರೆ?"

"ಪೊಲೀಸರಿಗೆ ತೋರಿಸ್ತೀರಿ."

ಚೀಲವನ್ನು ಒದ್ದು ಅವಳತ್ತ ತಳ್ಳಿದ. ಒಂದು ಅಂಗಿ. ಒಂದು ಚಾರ್ಜರು. ಕಾಲುಚೀಲದೊಳಗೆ ಏನೋ ಗುಂಡಗಿನದು. ಸೂಜಿ ಅಂಗೈಗೆ ಸುರಿದುಕೊಂಡಳು. ಎರಡು ಹಳದಿ ಕಣ್ಣು. ನಡುವೆ ಕರಿ ಪಾಪೆ. ಗೂಬೆಯವು.

ಅಂಗೈಯನ್ನು ಅವನ ಮುಂದೆ ಹಿಡಿದಳು.

"ಅದು ಅಕ್ಕ ಬಿಸಾಡಿದ್ದು!" ತಮ್ಮನ ದನಿ ಒಡೆಯಿತು. "ನೋಡಿ, ಒಂದರ ಪಾಪೆ ದೊಡ್ಡದಾಗಿದೆ. ಜೊತೆ ಕೆಟ್ಟಿದೆ. ಚೆನ್ನಾಗಿ ಕಂಡಿತು, ಇಟ್ಟುಕೊಂಡೆ."

ಬೆಳಕಿಗೆ ಹಿಡಿದಳು. ನಿಜ. ಒಂದು ಕಣ್ಣು ಬೆದರಿತ್ತು, ಇನ್ನೊಂದು ತೂಕಡಿಸುತ್ತಿತ್ತು. ನಲವತ್ತು ಜೊತೆ ಹೊತ್ತುಕೊಂಡು ಹೋದವನು ಕೆಟ್ಟದ್ದೊಂದನ್ನು ಕಾಲುಚೀಲದಲ್ಲಿ ಯಾಕೆ ಮುಚ್ಚಿಡುತ್ತಾನೆ?

"ನಿಮಗೂ ಭಾವನಿಗೂ ಯಾಕೆ ಹಗೆ?"

"ಎರಡು ಸೊನ್ನೆ ಅಂತ ಕರೀತಾರೆ ನನ್ನ. ಗಿರಾಕಿ ಎದುರಿಗೂ ಹಾಗೇ."

"ಯಾಕೆ?"

ಅವನು ಟೇಪು ಕೆಳಗಿಟ್ಟ. "ಡಾಲರ್, ಯೂರೋ, ಪೌಂಡು ತಗೋತಿದ್ವಿ. ಯೆನ್ ಕೂಡ ತಗೋಳೋಣ ಅಂತ ಸೇರಿಸಿದೆ. ಡಾಲರಿಗೆ ಸೆಂಟು ಇದೆ, ಯೂರೋಗೆ ಇದೆ, ಯೆನ್‌ಗೆ ಚಿಲ್ಲರೇನೇ ಇಲ್ಲ. ನನಗೇನು ಗೊತ್ತು? ಉಳಿದವುಗಳ ಹಾಗೇ ಕೊನೆಗೆ ಎರಡು ಸೊನ್ನೆ ಹೊಡೆದೆ. ಒಂದು ಜೊತೆ ಬೊಂಬೆ ಕಣ್ಣಿಗೆ ಕಾರಿನ ಬೆಲೆ ಆಯ್ತು. ಒಬ್ಬ ಗಿರಾಕಿ ಬರೆದು ಕೇಳಿದ, ಇದನ್ನ ಹಾಕ್ಕೊಂಡ್ರೆ ದೃಷ್ಟಿ ಬರುತ್ತಾ ಅಂತ."

ಸೂಜಿಗೆ ನಗು ಬಂತು. ನುಂಗಿಕೊಂಡಳು.

"ಆವತ್ತೇ ಅಕ್ಕ ಯೆನ್ ತೆಗೆಸಿದಳು. ಭಾವ, ಗಿರಾಕಿ ಕೈಲಿ ಯಾವ ದುಡ್ಡಿದೆಯೋ ಅದನ್ನೇ ತಗೋಬೇಕು ಕಣೇ, ಮಾರೋಳು ಮುಖ ತಿರುಗಿಸಬಾರದು ಅಂತ ಜಗಳ ತೆಗೆದರು. ಅಕ್ಕ ಜಗ್ಗಲಿಲ್ಲ. ಮೂರೇ ಸಾಕು, ಅದರ ಲೆಕ್ಕ ನನಗೆ ಅರ್ಥ ಆಗುತ್ತೆ ಅಂದಳು. ನಾನಂತೂ ಆಮೇಲೆ ಆ ಪುಟಕ್ಕೆ ಕೈ ಹಾಕಿಲ್ಲ."

"ಪಾರ್ಸೆಲ್ ಎಲ್ಲಾ ನೀವೇ ಕಟ್ಟೋದಾ?"

"ಒಬ್ಬ ದೊಡ್ಡ ಗಿರಾಕಿ ಇದಾನೆ, ಅವನದ್ದು ಬಿಟ್ಟು. ಅದನ್ನ ಭಾವನೇ ಕಟ್ಟಿ, ಭಾವನೇ ತಗೊಂಡು ಹೋಗ್ತಾರೆ. ನಾನು ಕಟ್ಟಿದ್ರೆ ಒಡೆಯುತ್ತಂತೆ."

*

ಹೊರಗಿನ ಮೆಟ್ಟಿಲ ಮೇಲೆ ಕೂತು ಸೂಜಿ ಫೋನಿನಲ್ಲಿ ಆ ಅಂಗಡಿ ತೆರೆದಳು.

ಒಂದು ಮಾತು ಅವಳ ತಲೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ವಿಮೆ ಹಣ ಬೇಕಾದವರು ಹೊರಗಿನ ಕಳ್ಳನೇ ಅಂತ ಆಣೆ ಇಟ್ಟು ಹೇಳುತ್ತಾರೆ. ಮನೆಯಲ್ಲಿ ಕಳ್ಳನಿದ್ದರೂ ಮುಚ್ಚಿಡುತ್ತಾರೆ. ಈ ಮನುಷ್ಯ ಕೇಳುವ ಮುಂಚೆಯೇ ಮನೆಯವನನ್ನು ತೋರಿಸಿದ. ಅಂದರೆ ವಿಮೆ ಹಣ ಬರದಿದ್ದರೇ ಅವನಿಗೆ ಒಳ್ಳೆಯದು.

ಪುಟದ ಬುಡದಲ್ಲಿ ದೇಶಗಳ ಪಟ್ಟಿ. ದೇಶ ಆರಿಸಿದರೆ ಬೆಲೆ ಆ ಕಡೆಯ ಕರೆನ್ಸಿಗೆ ಬದಲಾಗುತ್ತದೆ. ಸೂಜಿ ಒಂದೊಂದೇ ಒತ್ತುತ್ತ ಹೋದಳು. ಡಾಲರ್. ಯೂರೋ. ಪೌಂಡು. ಮತ್ತೆ ಡಾಲರ್. ಸಾಕು ಅನ್ನಿಸಿದರೂ ನಿಲ್ಲಿಸಲಿಲ್ಲ. ಅರ್ಧಕ್ಕೆ ಬಿಟ್ಟು ಏಳುವುದು ಅವಳಿಗೆ ಗೊತ್ತಿಲ್ಲ.

ಪಟ್ಟಿಯ ಕೊನೆಯ ಹತ್ತಿರ ಅಂಕಿ ತಟ್ಟನೆ ಬೇರೆಯಾಯಿತು. ನಾಲ್ಕನೇ ಕರೆನ್ಸಿ. ಬೆಲೆ ಏರಿತೆಂಬ ಸುದ್ದಿಯಲ್ಲಿ ಮಾತ್ರ ಹೆಸರು ಕೇಳಿಬರುವ ಒಂದು ದೂರದ ದೇಶದ ಹಣ. ಅವಳ ಹಳೇ ಸಹಪಾಠಿಯೊಬ್ಬಳು ಮದುವೆಯಾಗಿ ಅಲ್ಲೇ ಇದ್ದಳು. ಫೋನ್ ಹಚ್ಚಿದಳು.

"ಒಂದು ಜೊತೆ ಕಣ್ಣಿಗೆ ಇಷ್ಟೇನಾ?" ಆಕಡೆಯವಳು ಕಿರುಚಿದಳು. "ಇಷ್ಟಕ್ಕೆ ಇಲ್ಲಿ ಬೆಂಕಿಪೊಟ್ಟಣ ಬರಲ್ಲ ಕಣೇ. ಎರಡು ವರ್ಷದ ಹಿಂದೆ ಇದೇ ದುಡ್ಡಿಗೆ ಹೊಸ ಬೂಟು ಬರ್ತಿತ್ತು. ಈಗ ತರಕಾರಿಯವನೂ ನಮ್ಮ ನೋಟು ಕಂಡ್ರೆ ಮುಖ ಸಿಂಡರಿಸ್ತಾನೆ."

ಸೂಜಿಗೆ ಅರ್ಥವಾಯಿತು. ಮೂರು ಕರೆನ್ಸಿಗಳ ದರ ಬ್ಯಾಂಕಿನಿಂದ ತಾನಾಗೇ ದಿನಾ ಬರುತ್ತದೆ. ಈ ನಾಲ್ಕನೆಯದಕ್ಕೆ ಮಾತ್ರ ಯಾರೋ ಕೈಯಾರೆ ಹಳೆಯ ದರ ಹಾಕಿ ಹಾಗೇ ಬಿಟ್ಟಿದ್ದಾರೆ. ಆ ಹಣ ಪಾತಾಳಕ್ಕೆ ಬಿದ್ದಿದೆ. ಈ ಅಂಗಡಿಯಲ್ಲಿ ಮಾತ್ರ ಇನ್ನೂ ಅಟ್ಟದ ಮೇಲಿದೆ.

ದಡ್ಡತನವೋ? ಕಳ್ಳಬಾಗಿಲೋ?

"ನಾನು ಮೆಸೇಜ್ ಹಾಕಿದ ತಕ್ಷಣ ಒಂದು ಜೊತೆ ನೀಲಿ ಕಣ್ಣು ಕೊಂಡುಕೊಳ್ಳೇ," ಅಂದಳು.

"ನನಗ್ಯಾಕೆ? ನನ್ನ ಗಂಡನಿಗೆ ಹಾಕ್ತೀನಿ ಬಿಡು. ಅವನಿಗೆ ಇರೋದು ಕೆಲಸ ಮಾಡ್ತಿಲ್ಲ."

ಫೋನ್ ಇಟ್ಟು ಗೂಬೆಕಣ್ಣು ಮಾರುವವರು ಬೇರೆ ಯಾರಿದ್ದಾರೆಂದು ಹುಡುಕಿದಳು. ಒಂದೇ ಒಂದು ಅಂಗಡಿ ಸಿಕ್ಕಿತು. ಅಲ್ಲಿನ ಒಂದು ಚಿತ್ರವನ್ನು ದೊಡ್ಡದು ಮಾಡಿದಳು. ಇನ್ನೂ ದೊಡ್ಡದು ಮಾಡಿದಳು. ಆಮೇಲೆ ಠಾಣೆಗೆ ಫೋನ್ ಮಾಡಿದಳು.

*

ಮೂವರೂ ಉರಿಯ ಕೋಣೆಯಲ್ಲಿ ಸೇರಿದರು. ಅಕ್ಕ ಹೊಸ ಕೊಳವೆ ಹಿಡಿದು ತಿರುಗಿಸುತ್ತಿದ್ದಳು. ತಮ್ಮ ಕೈಗವಸಿನ ಕೈಯಲ್ಲೇ ಕಣ್ಣು ಆರಿಸಿ ತಟ್ಟೆಗೆ ತುಂಬಿ ನಿಂತಿದ್ದ. ಅಕ್ಕನ ಗಂಡ ಕಿಟಕಿಗೆ ಒರಗಿದ್ದ. ಸೂಜಿ ತನ್ನ ಫೋನಿನಲ್ಲಿ ಎರಡು ಪದ ಒತ್ತಿ ಮಡಿಲಲ್ಲಿಟ್ಟುಕೊಂಡಳು.

"ಏನ್ ಮೇಡಂ, ಚೀಲದಲ್ಲಿ ಸಿಕ್ಕಿತಂತಲ್ಲ?" ಗಂಡ ಕೇಳಿದ.

"ಸಿಕ್ಕಿತು. ಕೆಟ್ಟ ಜೊತೆ."

"ಕೆಟ್ಟವನಿಗೆ ಕೆಟ್ಟದ್ದು."

"ಭಾವ, ಬಾಯಿ ಬಿಗಿ ಹಿಡಿದು ಮಾತಾಡಿ!"

"ಇಲ್ಲದಿದ್ರೆ ಏನೋ ಮಾಡ್ತೀಯ, ಎರಡು ಸೊನ್ನೆ?"

ಪಕ್ಕದ ಕೋಣೆಯ ಕಂಪ್ಯೂಟರು ಟಿಣ್ ಎಂದಿತು. ಹೊಸ ಆರ್ಡರು. ತಮ್ಮ ಆ ಕಡೆ ತಿರುಗಿದ.

"ನಿಲ್ಲಿ," ಸೂಜಿ ಅಂದಳು. "ತಟ್ಟೆ ಹಿಡಿದು ಅಲ್ಲೇ ನಿಲ್ಲಿ."

ಗಂಡನ ಫೋನು ಗುಂಯ್‌ಗುಟ್ಟಿತು. ಅವನು ಅದರತ್ತ ಕಣ್ಣು ಹಾಯಿಸಿದ. ಹೆಬ್ಬೆರಳು ಎರಡು ಸಲ ಆಡಿತು. ಫೋನು ಜೇಬಿಗೆ ಇಳಿಯಿತು.

ಮರುಗಳಿಗೆ ಸೂಜಿಯ ಮಡಿಲು ಬೆಳಗಿತು. ಗೆಳತಿ ತನಗೆ ಬಂದದ್ದನ್ನು ಹಾಗೇ ಕಳಿಸಿದ್ದಳು. ಓದಿದಳು. ಗಟ್ಟಿಯಾಗಿ ಓದಿದಳು.

"‘ಆರ್ಡರ್ ರದ್ದು. ನೀಲಿ ಕಣ್ಣು ಸ್ಟಾಕ್ ಇಲ್ಲ.’" ತಮ್ಮನ ತಟ್ಟೆಯತ್ತ ಬೆರಳು ತೋರಿಸಿದಳು. ತಟ್ಟೆಯ ತುಂಬ ನೀಲಿಯೇ ಪಿಳಿಪಿಳಿ ನೋಡುತ್ತಿತ್ತು. "ಕೊಂಡವಳು ನನ್ನ ಗೆಳತಿ. ಕೊಟ್ಟದ್ದು ನಾಲ್ಕನೇ ಕರೆನ್ಸಿ."

"ನಾಲ್ಕನೇದಾ?" ಅಕ್ಕ ಮೊದಲ ಸಲ ತಲೆ ಎತ್ತಿದಳು. "ನಮ್ಮಲ್ಲಿರೋದು ಮೂರು."

"ಇವನೇ!" ಗಂಡ ತಮ್ಮನ ಕಡೆ ಕೈ ಚಾಚಿದ. "ಮತ್ತೆ ಏನೋ ಕೆದಕಿ ಇಟ್ಟಿದಾನೆ!"

"ಇರಬಹುದು. ಆದ್ರೆ ಈಗ ರದ್ದು ಮಾಡಿದ್ದು ಯಾರು? ನಿಮ್ಮ ಹೆಂಡತಿಯ ಎರಡೂ ಕೈ ಗಾಜಿನಲ್ಲಿವೆ. ಇವರ ಎರಡೂ ಕೈ ತಟ್ಟೆಯಲ್ಲಿವೆ, ಗವಸು ಬೇರೆ. ಉಳಿದ ಕೈ ಯಾರದ್ದು?"

ಗಂಡ ಜೇಬಿನ ಮೇಲೆ ಕೈ ಇಟ್ಟ. "ಹೂಂ, ನಾನೇ. ಬೆಲೆ ತಪ್ಪಿತ್ತು. ಕಂಡಿತು, ರದ್ದು ಮಾಡಿದೆ. ತಪ್ಪಾ?"

"ತಪ್ಪು ಈಗ ತಾನೇ ಕಂಡಿದ್ರೆ, ಅಯ್ಯೋ ಬೆಲೆ ಯಾಕೆ ಹೀಗಿದೆ ಅಂತ ಕೂಗ್ತಿದ್ರಿ. ಎದುರಿಗೆ ಬೈಯೋಕೆ ಬಾಮೈದ ಬೇರೆ ಇದ್ದ. ಗೋಡೆಗೆ ಕನ್ನ ಬಿದ್ದದ್ದು ಕಂಡವನು ಊರೆಲ್ಲ ಎಬ್ಬಿಸ್ತಾನೆ. ನೀವು ಮೆಲ್ಲಗೆ ಪರದೆ ಎಳೆದ್ರಿ. ಸ್ಟಾಕ್ ಇಲ್ಲ ಅಂತ ಸುಳ್ಳು ಬರೆದ್ರಿ. ಯಾಕೆ ಅಂದ್ರೆ ಆ ಬಾಗಿಲು ಒಬ್ಬನೇ ಗಿರಾಕಿಗೆ. ಬೇರೆಯವರು ನುಗ್ಗಬಾರದು. ನುಗ್ಗಿದ್ದು ಬಾಮೈದನಿಗೆ ಕಾಣಬಾರದು."

"ಕಥೆ ಕಟ್ತೀರಿ!"

ಸೂಜಿ ಎದ್ದು ಅಕ್ಕನ ಬಳಿ ಹೋದಳು. ಫೋನನ್ನು ಅವಳ ಕಣ್ಣಿನ ಮಟ್ಟಕ್ಕೆ ಹಿಡಿದಳು. "ಇದು ಇನ್ನೊಂದು ಅಂಗಡಿ. ಬರೀ ಡಾಲರ್ ತಗೋತಾರೆ. ನಿಮ್ಮ ಗೂಬೆಕಣ್ಣು ಹದಿನೈದು ದಿನದಿಂದ ಇಲ್ಲಿ ಮಾರಾಟಕ್ಕಿದೆ. ಕಳ್ಳತನ ಆದದ್ದು ನಿನ್ನೆ. ಕಣ್ಣಿನೊಳಗೆ ನೋಡಿ. ಏನು ಕಾಣ್ತಿದೆ?"

ಹಳದಿ ಗಾಜಿನಲ್ಲಿ ಒಂದು ಕಿಟಕಿ ಬಾಗಿ ಮೂಡಿತ್ತು. ಆರು ಗಾಜಿನ ಕಿಟಕಿ. ಒಂದು ಕಡೆ ಗಾಜಿಲ್ಲ, ರಟ್ಟು.

ಅಕ್ಕನ ಕೈ ತಿರುಗುತ್ತಲೇ ಇತ್ತು. "ನಮ್ಮ ಮಲಗೋ ಕೋಣೆ," ಅಂದಳು. "ಗಾಜಿನವಳ ಮನೆ ಕಿಟಕಿಗೆ ರಟ್ಟು ಅಂತ ಎಲ್ಲರೂ ನಗ್ತಾರೆ."

"ಅಂಗಡಿ ಹೆಸರು ಓದಿ."

ಓದಿದಳು. ಮತ್ತೆ ಓದಿದಳು. "ಸಂಜೆ ಸಹಿ ತಗೋಳೋಕೆ ಬರೋ ಕಂಪನಿ."

"ಆ ಕಂಪನಿ, ನಿಮ್ಮ ಆ ದೊಡ್ಡ ಗಿರಾಕಿ, ಎರಡೂ ನಿಮ್ಮ ಯಜಮಾನರೇ. ನೀವು ಊದಿದ್ದನ್ನ ಸತ್ತ ದುಡ್ಡಿಗೆ ತಾವೇ ಕೊಂಡ್ರು. ಡಾಲರಿಗೆ ತಾವೇ ಮಾರಿದ್ರು. ಬೆಲೆ ಹೋಗಿದ್ದು ಗಾಜಿನ ಕಣ್ಣಿಗಲ್ಲ, ಅವರು ಆರಿಸಿದ ಹಣಕ್ಕೆ. ಮ್ಯೂಸಿಯಂನ ನಲವತ್ತು ಜೊತೆಯನ್ನೂ ಆಸೆಗೆ ಬಿದ್ದು ಮಾರಾಟಕ್ಕಿಟ್ರು. ಮ್ಯೂಸಿಯಂಗೆ ಕೊಡೋ ದಿನ ಬಂತು, ಬೀಗ ಮುರಿದು ಕಪಾಟು ಬೀಳಿಸಿದ್ರು. ಕಳ್ಳ ಇವನೇ ಅಂತ ನಾನು ಬರೆದಿದ್ರೆ ವಿಮೆ ಇಲ್ಲ. ವಿಮೆ ಇಲ್ಲದಿದ್ರೆ ನೀವು ಸಂಜೆ ಸಹಿ ಹಾಕ್ತಿದ್ರಿ."

ತಮ್ಮ ತಟ್ಟೆ ಕೆಳಗಿಟ್ಟು ಅವನತ್ತ ತಿರುಗಿದ. "ಭಾವ," ಅಂದ.

"ಪೊಲೀಸರು ಗೇಟಿನಲ್ಲಿದ್ದಾರೆ," ಸೂಜಿ ಅಕ್ಕನಿಗೆ ಹೇಳಿದಳು. "ಕಾರ್ಖಾನೆ ನಿಮ್ಮದು. ದೂರು ನೀವು ಕೊಡಬೇಕು."

ಗಂಡ ಕಿಟಕಿ ಬಿಟ್ಟು ಮುಂದೆ ಬಂದ. ಕಾಲ ಕೆಳಗೆ ಒಂದು ಕಣ್ಣು ಚಟ್ಟೆಂದು ಒಡೆಯಿತು. ಅವನು ನೋಡಲಿಲ್ಲ.

"ನೋಡೇ. ಇವಳ ಮಾತು ಬಿಡು. ಆ ಕಂಪನಿ ಖಾತೆಯಲ್ಲಿ ಇರೋ ದುಡ್ಡೆಲ್ಲ ನಿನ್ನದೇ. ಈಗಲೇ ಹಾಕ್ತೀನಿ, ನಿನ್ನ ಎದುರಿಗೇ. ಡಾಲರ್ ಬೇಕಾ, ಯೂರೋ ಬೇಕಾ? ನೀನು ಹೇಳಿದ್ದರಲ್ಲಿ. ಒಂದು ಪೈಸೆ ಇಟ್ಟುಕೊಳ್ಳಲ್ಲ. ಮನೆ ಮಾತು ಮನೆಯಲ್ಲೇ ಮುಗಿಸೋಣ. ಹೂಂ ಅನ್ನು."

ಅಕ್ಕ ಕೈ ನಿಲ್ಲಿಸಿದಳು. ಕೆಂಪು ಗಾಜು ಬಾಗಿತು. ಉದ್ದಕ್ಕೆ ಎಳೆದುಕೊಂಡು ಮೇಜಿನ ಮೇಲೆ ತೊಟ್ಟಿಕ್ಕಿತು.

"ಬೇಡ," ಅಂದಳು. "ನಿನ್ನ ದುಡ್ಡು ಇಲ್ಲಿ ನಡೆಯಲ್ಲ."