ಎಪ್ಪತ್ತೆರಡರಿಂದ ಏಳಕ್ಕೆ

“ಯಾರದು, ಒಂದು ಹೆಜ್ಜೆ ಹಿಂದೆ ಬರ್ತಿರೋ ದನಿ?”

ಮಿಸ್ ತಲೆಯೆತ್ತಿದರು. ಒಟ್ಟಿಗೆ ಪಾಠ ಓದುತ್ತಿದ್ದ ಏಳು ಮಕ್ಕಳೂ ಗಕ್ಕನೆ ನಿಲ್ಲಿಸಿದರು. ಚಿನಕುರುಳಿ ಪುಸ್ತಕದ ಹಿಂದೆ ಮುಖ ಮರೆಸಿದಳು. ಆ ದನಿ ಅವಳದೇ.

ಅರಳು ಹುರಿದಂತೆ ಮಾತಾಡುವ ಹುಡುಗಿ, ಅದಕ್ಕೇ ಆ ಅಡ್ಡಹೆಸರು. ಆದರೆ ಓದಲು ಮಾತ್ರ ಬಾರದು. ಈ ಗುಟ್ಟು ಅಮ್ಮನಿಗೂ ಗೊತ್ತಿರಲಿಲ್ಲ.

ಅಮ್ಮ ನರ್ಸ್. ವರ್ಗವಾಗಿ ಈ ಗುಡ್ಡದ ಊರಿಗೆ ಬಂದು ಮೂರೇ ದಿನ. ಪಟ್ಟಣದ ಶಾಲೆಯಲ್ಲಿ ಐದನೇ ಕ್ಲಾಸಿಗೆ ಎಪ್ಪತ್ತೆರಡು ಮಕ್ಕಳು. ಹಾಜರಿ ಕೂಗುವಷ್ಟರಲ್ಲೇ ಅರ್ಧ ಪೀರಿಯಡ್ ಖಲಾಸ್. ಅಷ್ಟು ಮಕ್ಕಳನ್ನು ಒಂದು ಕೋಣೆಗೆ ತುರುಕಿ, ಒಬ್ಬರೇ ಮೇಷ್ಟ್ರ ಕೈಗೆ ಸೀಮೆಸುಣ್ಣ ಕೊಟ್ಟು ‘ಕಲಿಸಿ’ ಎಂದವರು ಯಾರೋ! ಸಂತೆಯಲ್ಲಿ ಒಂದು ಕೆಮ್ಮು ಯಾರಿಗೆ ಕೇಳುತ್ತದೆ? ಇಲ್ಲಿ ಉಸಿರೆಳೆದರೂ ಕೇಳುತ್ತದೆ.

“ನೀನೊಬ್ಬಳೇ ಓದಮ್ಮ.”

“ಗಂಟಲು ನೋವು ಮಿಸ್.”

“ಸುಳ್ಳು! ಇಂಟರ್‌ವಲ್‌ನಲ್ಲಿ ಮೂರೂರಿಗೆ ಕೇಳೋ ಹಾಗೆ ಕಿರುಚ್ತಿದ್ಲು,” ಎಂದ ಟೈಲರ್ ಮಗ. ಉಳಿದವರು ಕಿಸಕ್ಕೆಂದರು.

ಚಿನಕುರುಳಿ ಪುಸ್ತಕ ನೋಡಿದಳು. ಬಿಡಿ ಅಕ್ಷರ ಗೊತ್ತು, ಸೇರಿಸಿದರೆ ಗೋಜಲು. ಕಣ್ಣು ತುಂಬಿತು. “ನಂಗೆ ಓದಕ್ಕೆ ಬರಲ್ಲ ಮಿಸ್. ನಾನು ದಡ್ಡಿ.”

ಈಗ ಯಾರೂ ನಗಲಿಲ್ಲ.

“ದಡ್ಡಿ ಅಂತ ಯಾರು ಹೇಳಿದ್ದು?”

“ಯಾರೂ ಇಲ್ಲ. ನಾನೇ ಅನ್ಕೊಂಡೆ.”

“ಹಳೇ ಶಾಲೇಲಿ ನೀನೊಬ್ಬಳೇ ಎಷ್ಟು ಸಲ ಓದಿದೀಯ?”

ಲೆಕ್ಕ ಹಾಕಲು ಚಿನಕುರುಳಿ ಕೈ ಎತ್ತಿದಳು. ಒಂದು ಬೆರಳೂ ಮಡಚಲಿಲ್ಲ.

ಮಿಸ್ ಮುಖ ಕೆಂಪಾಯಿತು. ಸಿಟ್ಟು ತನ್ನ ಮೇಲಲ್ಲ ಎಂದು ಹೇಗೋ ಅವಳಿಗೆ ತಿಳಿಯಿತು. ಅವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತು, ಮೊದಲ ಪದದ ಕೆಳಗೆ ಬೆರಳಿಟ್ಟರು.

“ಕ... ರ... ಡಿ.”

“ಹ್ಞೂಂ, ಮುಂದೆ? ಅವಸರ ಇಲ್ಲ.”

“ಕೊ... ಡೆ. ಕೊಡೆ. ಹಿ... ಡಿ... ಯಿ... ತು. ಹಿಡಿಯಿತು.” ಚಿನಕುರುಳಿ ತಟ್ಟನೆ ತಲೆಯೆತ್ತಿದಳು. “ಅಯ್ಯೋ! ಕರಡಿಗ್ಯಾಕೆ ಮಿಸ್ ಕೊಡೆ?”

ಕ್ಲಾಸೆಲ್ಲ ಗೊಳ್ಳೆಂದಿತು. ಇಷ್ಟು ಹೊತ್ತು ಕೂಗಿದ್ದರಲ್ಲಿ ಒಂದು ಕರಡಿ ಇತ್ತೆಂಬುದೇ ಅವಳಿಗೆ ಗೊತ್ತಿರಲಿಲ್ಲ. ಅವಳೂ ಕಣ್ಣೊರೆಸಿಕೊಂಡು ನಕ್ಕಳು.

“ಅಲ್ವೇ, ಇಷ್ಟು ವರ್ಷ ಹೇಗೆ ನಿಭಾಯಿಸ್ದೆ?” ಮಿಸ್ ಮೆಲ್ಲಗೆ ಕೇಳಿದರು.

“ಪಕ್ಕದವಳ ಬಾಯಿ ನೋಡ್ಕೊಂಡು ಹೇಳ್ತಿದ್ದೆ ಮಿಸ್...”

ಹೇಳುತ್ತಾ ಹೇಳುತ್ತಾ ಅವಳ ನಗು ನಿಂತಿತು. ಈಗ ನೆನಪಾಯಿತು, ಪಟ್ಟಣದ ಆ ಪಕ್ಕದವಳೂ ಪುಸ್ತಕ ನೋಡುತ್ತಿರಲಿಲ್ಲ. ಅವಳ ಕಣ್ಣು ಯಾವಾಗಲೂ ತನ್ನಾಚೆ ಕೂತವಳ ಬಾಯಿಯ ಮೇಲೆಯೇ ಇರುತ್ತಿತ್ತು.