ಮಲೋಹಾದಲ್ಲಿ ಆಸೆ ಕೊಳ್ಳುವವರು

ಆಸೆಮಾಪಕದ ಟೋಪಿಯನ್ನು ಮಲೋಹಾ ದೇಶದಲ್ಲಿ ಮೊದಲು ತೊಟ್ಟವರು ಹಸಿರು ಅವಕಾಶಗಳ ಮಂತ್ರಿ ಒತಾವಿನಾ. ಬಂದರು, ಅಂಚೆ, ವಲಸೆ ಖಾತೆಗಳೂ ಆಕೆಯವೇ. ಬೆಳಗಿನ ತಿಂಡಿಗೆ ಮುಂಚೆ ಒಂದು ಸುತ್ತು ಹಾಕಿ ಬರಬಹುದಾದ ಆ ದ್ವೀಪರಾಷ್ಟ್ರದಲ್ಲಿ ಖಾತೆಗೊಬ್ಬ ಮಂತ್ರಿಯನ್ನು ನೇಮಿಸಿದರೆ ಆಳಿಸಿಕೊಳ್ಳಲು ಜನ ಉಳಿಯುತ್ತಿರಲಿಲ್ಲ.

ಪರದೆಯ ಮೇಲೆ ಕಾರು ಬಂತು. ಟೋಪಿಗೆ ಜೋಡಿಸಿದ ಯಂತ್ರದ ಮುಳ್ಳು ಸೊನ್ನೆಯಿಂದ ಅಲ್ಲಾಡಲಿಲ್ಲ. ಫ್ರಿಜ್ಜು ಬಂತು, ಎ.ಸಿ. ಬಂತು, ಮೋಡದ ಮೇಲೆ ತೇಲುವ ವಿಮಾನ ಬಂತು. ಮಂತ್ರಿಗಳು ಆಕಳಿಸಿದರು.

“ಏನ್ರೀ ಡಾಕ್ಟರ್, ಮಷೀನ್ ಕೆಟ್ಟದೇನು?” ಪ್ರಹ್ಲಾದ ಹುಯಿಲಗೋಳ ಹಲ್ಲು ಕಿರಿದುಕೊಂಡೇ ಮೆಲ್ಲಗೆ ಕೇಳಿದ. ಧಾರವಾಡದವನಾದ ಆತ ಉತ್ತರದ ಯಾವುದೋ ತಣ್ಣನೆಯ ದೇಶದ ‘ನೀಲಹಸಿರು’ ಕಂಪನಿಯ ಪ್ರತಿನಿಧಿ. ಸುತ್ತ ಕ್ಯಾಮೆರಾಗಳಿದ್ದವು.

“ಮಷೀನಿಗೆ ಎಂತದೂ ಆಗ್ಲಿಲ್ಲ ಮಾರಾಯ್ರೆ,” ಎಂದರು ಯಂತ್ರವನ್ನು ರೂಪಿಸಿದ ಮಂಗಳೂರಿನ ಡಾ. ಫ್ಲೇವಿಯಾ ಕ್ರಾಸ್ತಾ. “ಇವರಿಗೆ ಹೊಗೆ ಬರುವಂಥ ಆಸೆ ಇಲ್ಲ, ಅಷ್ಟೆ.”

ವ್ಯವಹಾರ ಹೀಗಿತ್ತು. ನೀಲಹಸಿರು ಕಂಪನಿಯ ಕಾರ್ಖಾನೆಗಳು ಆಕಾಶಕ್ಕೆ ಎಷ್ಟು ಹೊಗೆ ಬಿಡುತ್ತವೋ ಅಷ್ಟು ಹೊಗೆಯನ್ನು ಬೇರೆ ಯಾರಾದರೂ ಬಿಡದೆ ಇದ್ದರೆ, ಕಂಪನಿ ಅವರಿಂದ ಆ ‘ತಡೆಹೊಗೆ’ಯನ್ನು ಕೊಂಡು ತಾನು ಶುದ್ಧವೆಂದು ಹೇಳಿಕೊಳ್ಳಬಹುದು. ಇಡೀ ಜಗತ್ತು ಇದಕ್ಕೆ ಒಪ್ಪಿತ್ತು. ತೊಡಕು ಒಂದೇ. ಕಾರು ಕೊಳ್ಳುವ ಯೋಚನೆಯೇ ಇಲ್ಲದವನು ಕಾರು ಕೊಳ್ಳದಿದ್ದರೆ ಅದರಲ್ಲಿ ತಡೆದದ್ದೇನು ಬಂತು? ಕೊಳ್ಳುವ ಆಸೆ ಮೊದಲು ಇರಬೇಕು, ಅದನ್ನು ಈಡೇರಿಸಿಕೊಳ್ಳುವ ಹಕ್ಕನ್ನು ಆತ ಕಂಪನಿಗೆ ಮಾರಬೇಕು. ಆಸೆ ನಿಜವಾಗಿಯೂ ಇತ್ತೆಂದು ತೋರಿಸುವುದಕ್ಕೇ ಆಸೆಮಾಪಕ. ಟೋಪಿಯೊಳಗಿನ ಎಳೆಗಳು ಮಿದುಳಿನ ಮಿಡಿತವನ್ನು ಹಿಡಿಯುತ್ತವೆ, ಆ ಆಸೆ ಈಡೇರಿದರೆ ಎಷ್ಟು ಹೊಗೆ ಏಳುತ್ತಿತ್ತೆಂದು ಮುಳ್ಳು ಹೇಳುತ್ತದೆ. ಬದುಕಿನ ಮೇಲೆ ಆಸೆಯೇ ಬತ್ತಿಹೋದ ರೋಗಿಗಳ ಚಿಕಿತ್ಸೆಗೆಂದು ಫ್ಲೇವಿಯಾ ಅದನ್ನು ಮಾಡಿದ್ದರು. ಆಸ್ಪತ್ರೆಗಳಿಗಿಂತ ಮೊದಲು ಕಂಪನಿಗೆ ಅದರ ಉಪಯೋಗ ಹೊಳೆಯಿತು.

ಮಲೋಹಾದವರಿಗೆ ಆಸೆಗಳಿಲ್ಲದೆ ಏನಿಲ್ಲ. ಮಂತ್ರಿಗಳಿಗೆ ತಮ್ಮ ದೋಣಿಗೊಂದು ಹೊಸ ಹಾಯಿ ಬೇಕಿತ್ತು. ಪಕ್ಕದ ಮನೆಯ ಹುಂಜಕ್ಕೆ ಗಂಟಲು ಕಟ್ಟಬೇಕಿತ್ತು. ಈ ಸಮಾರಂಭ ಬೇಗ ಮುಗಿಯಬೇಕಿತ್ತು. ಇವುಗಳಿಂದ ಹೊಗೆ ಏಳುವುದಿಲ್ಲವಾದ್ದರಿಂದ ಯಂತ್ರ ಇವನ್ನು ಆಸೆಗಳೆಂದೇ ಎಣಿಸಲಿಲ್ಲ. ಮಂತ್ರಿಗಳ ನಂತರ ಟೋಪಿ ತೊಟ್ಟ ಮೀನುಗಾರರೂ ಮಾಸ್ತರರೂ ಪಾದ್ರಿಗಳೂ ಸೊನ್ನೆಯನ್ನು ದಾಟಲಿಲ್ಲ.

ಕ್ಯಾಮೆರಾಗಳ ಮುಂದೆ ಕಂಪನಿಯ ಮಾನ ಹೋಗುವುದರಲ್ಲಿತ್ತು. ಪ್ರಹ್ಲಾದ ಟೋಪಿಯನ್ನು ಎತ್ತಿ ತನ್ನ ತಲೆಗೇ ಇಟ್ಟುಕೊಂಡ. “ನೋಡ್ರಿ, ಹ್ಯಾಂಗ ಕೆಲಸ ಮಾಡ್ತದ ಅಂತ ನಾನ ತೋರಸ್ತೀನಿ.”

ಕಾರಿನ ಚಿತ್ರಕ್ಕೇ ಮುಳ್ಳು ಎದ್ದು ನಿಂತಿತು. ಎ.ಸಿ.ಗೆ ಅರ್ಧ ದಾಟಿತು. ವಿಮಾನದ ಮುಂದಿನ ಸಾಲಿನ ಅಗಲ ಸೀಟು ಕಂಡಾಗ ಕೊನೆಯ ಗೆರೆಗೆ ಹೋಗಿ ಬಡಿದು ನಡುಗಿತು. ಜನ ಚಪ್ಪಾಳೆ ತಟ್ಟಿದರು. ಇಷ್ಟೊಂದು ಬೇಕುಗಳನ್ನು ಹೊತ್ತುಕೊಂಡು ಈ ಮನುಷ್ಯ ನಡೆಯುವುದಾದರೂ ಹೇಗೆ ಎಂದು ಮುದುಕಿಯೊಬ್ಬಳು ಮರುಗಿದಳು.

ಮುಖ್ಯ ಕಚೇರಿಯಿಂದ ಸಂಜೆಯೊಳಗೆ ಅಭಿನಂದನೆ ಬಂತು. ಇಡೀ ದೇಶದ ಜನರಿಂದ ಕೊಳ್ಳಬೇಕೆಂದಿದ್ದ ತಡೆಹೊಗೆ ಒಬ್ಬ ಪ್ರಹ್ಲಾದನಲ್ಲೇ ಸಿಕ್ಕಿತ್ತು. ಕಂಪನಿ ಅವನನ್ನು ಮಲೋಹಾದ ನಿವಾಸಿಯೆಂದು ತೋರಿಸಿ, ಅವನ ಆಸೆಗಳನ್ನೆಲ್ಲ ಒಟ್ಟಿಗೆ ಕೊಂಡುಕೊಂಡಿತು. ಬಡ್ತಿಯ ಪತ್ರವೆಂದುಕೊಂಡು ಆತ ಓದದೆ ಸಹಿ ಹಾಕಿದ.

ರಜೆ ಬಂದಾಗ ವಿಷಯ ತಿಳಿಯಿತು. ವಲಸೆ ಖಾತೆಯ ಕಿಟಕಿಯಲ್ಲಿ ಒತಾವಿನಾ ಕೂತಿದ್ದರು. ಅವರ ಮಾತನ್ನು ಪ್ರಹ್ಲಾದನ ಕಿವಿಯಲ್ಲಿದ್ದ ಭಾಷಾಂತರ ಯಂತ್ರ ಸರ್ಕಾರಿ ಕನ್ನಡಕ್ಕೆ ತಿರುಗಿಸುತ್ತಿತ್ತು.

“ಮಾನ್ಯರೇ, ತಮ್ಮ ನಿರ್ಗಮನಕ್ಕೆ ಅವಕಾಶವಿರುವುದಿಲ್ಲ. ವಿಮಾನಯಾನದ ಅಭಿಲಾಷೆಯೊಡನೆ ಸ್ವಗೃಹಕ್ಕೆ ತೆರಳುವ ಅಭಿಲಾಷೆಯನ್ನೂ ತಾವು ಈಗಾಗಲೇ ವಿಕ್ರಯಿಸಿರುತ್ತೀರಿ.”

“ಹಡಗಿನ್ಯಾಗರ ಹೋಗ್ತೀನಿ. ಹಾಯಿಹಡಗು. ಹೊಗಿನ ಇಲ್ಲ!”

“ಯಾವುದೇ ವಾಹನದಲ್ಲಿ ಈಡೇರಿಸಿಕೊಂಡರೂ ಒಪ್ಪಂದದ ಉಲ್ಲಂಘನೆಯಾಗುತ್ತದೆ. ವಿಷಾದವಿದೆ.” ಒತಾವಿನಾಗೆ ನಿಜಕ್ಕೂ ವಿಷಾದವಾಗಿತ್ತು. ಕಿಟಕಿ ಮುಚ್ಚಿ, ಅವನನ್ನು ಮನೆಗೆ ಕರೆದುಕೊಂಡು ಹೋಗಿ ಮೀನು ಬಡಿಸಿದರು. ತಾನು ಮೀನು ತಿನ್ನುವುದಿಲ್ಲವೆಂದು ಆತ ಹೇಳಿದಾಗ ಹಲಸಿನಂಥ ಕಾಯೊಂದನ್ನು ಸುಟ್ಟು ಕೊಟ್ಟರು.

ದಿನಗಳು ಕಳೆದವು. ಮಾಡಲು ಬೇರೆ ಕೆಲಸವಿರಲಿಲ್ಲ. ಮಾರಿದ ಆಸೆ ಬತ್ತಿದರೆ ತಡೆಹೊಗೆಯೂ ಇಲ್ಲವಾದ್ದರಿಂದ ಆಸೆಪಡುತ್ತಾ ಇರುವುದೇ ಕೆಲಸ. ಅದರಲ್ಲೂ ಪ್ರಹ್ಲಾದ ಹಿಂದೆ ಬೀಳತೊಡಗಿದ. ರಸ್ತೆಯೇ ಇಲ್ಲದ ಊರಲ್ಲಿ ಕಾರಿನ ಆಸೆ ಮೊದಲು ಹೋಯಿತು. ಸಮುದ್ರದ ಗಾಳಿಗೆ ಎ.ಸಿ. ಮರೆತುಹೋಯಿತು. ಕಂಪನಿ ಗಾಬರಿಗೊಂಡು ಕಾರಿನ ಜಾಹೀರಾತುಗಳನ್ನೂ ಐಷಾರಾಮಿ ಬಂಗಲೆಗಳ ವಿಡಿಯೋಗಳನ್ನೂ ಕಳಿಸಿತು. ಊಟಕ್ಕೆ ಮುಂಚೆ ಒಂದು, ಊಟದ ನಂತರ ಒಂದು ಎಂದು ಫ್ಲೇವಿಯಾ ಔಷಧಿಯ ಹಾಗೆ ತೋರಿಸಿದರು. ಪ್ರಹ್ಲಾದ ಅವುಗಳ ಎದುರೇ ನಿದ್ದೆ ಹೋಗುತ್ತಿದ್ದ.

ಆದರೂ ಒಂದು ಬೆಳಗ್ಗೆ ಟೋಪಿ ಹಾಕಿ ನೋಡಿದರೆ ಮುಳ್ಳು ಕೊನೆಯ ಗೆರೆಯಲ್ಲೇ ಇತ್ತು. ಉಳಿದೆಲ್ಲ ಆಸೆಗಳು ಕಳಚಿ ಒಂದೇ ಉಳಿದುಕೊಂಡಿತ್ತು.

“ಧಾರವಾಡದ್ದು,” ಎಂದರು ಫ್ಲೇವಿಯಾ, ಪರದೆಯಿಂದ ಕಣ್ಣು ತೆಗೆಯದೆ. “ಮನೆಯದ್ದು. ಇದೊಂದು ಹೋದ್ರೆ ಕಂಪನಿ ನಿಮ್ಮನ್ನು ಬಿಟ್ಟೀತು.”

“ಅಂದ್ರ, ಮನಿಗೆ ಹೋಗಬೇಕು ಅನ್ಸೋ ತನಕಾ ಬಿಡೂದಿಲ್ಲ. ಅನ್ಸದ ಹೋದ ಮ್ಯಾಲೆ ಬಿಡ್ತಾರ. ಹೌದಿಲ್ಲೋ?”

ಫ್ಲೇವಿಯಾ ಪರದೆಯನ್ನು ಆರಿಸಿದರು. ಪ್ರಹ್ಲಾದ ಟೋಪಿಯನ್ನು ಮೆಲ್ಲಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ. “ನೀವು ಶ್ಯಾಣ್ಯಾರ್ರಿ ಡಾಕ್ಟರ್. ಭಾಳ ಛಲೋ ಮಷೀನ್ ಮಾಡೀರಿ,” ಎಂದ. ಅಂದು ಫ್ಲೇವಿಯಾಗೆ ಊಟ ಸೇರಲಿಲ್ಲ.

ಫೋನಿನಲ್ಲಿ ಇದನ್ನೆಲ್ಲ ಕೇಳಿದ ಹೆಂಡತಿ ಇಂದುಮತಿ ಅಳಲಿಲ್ಲ. ಆಕೆ ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಕಲಿಸುವವಳು. “ನೀವು ಹೋಗಬಾರ್ದು ಅಂತ ಬರದಾರೋ, ಯಾರೂ ಬರಬಾರ್ದು ಅಂತ ಬರದಾರೋ? ಸರಿಯಾಗಿ ಓದ್ರಿ,” ಎಂದಳು. ಪ್ರಹ್ಲಾದ ಮೊದಲ ಸಲ ಒಪ್ಪಂದವನ್ನು ಪೂರ್ತಿ ಓದಿದ. ಬರುವುದರ ಬಗ್ಗೆ ಒಂದಕ್ಷರವೂ ಇರಲಿಲ್ಲ. ಮಲೋಹಾಕ್ಕೆ ತಾನಾಗಿ ಯಾರಾದರೂ ಬಂದಾರೆಂದು ಕಂಪನಿಯ ವಕೀಲರಿಗೆ ಹೊಳೆದಿರಲಿಲ್ಲ.

ಇಂಧನದ ಎಣ್ಣೆ ತುಟ್ಟಿಯಾದ ಮೇಲೆ ಕಾರವಾರದಿಂದ ಸರಕಿನ ಹಾಯಿಹಡಗುಗಳು ಮತ್ತೆ ಓಡುತ್ತಿದ್ದವು. ಈರುಳ್ಳಿ ಮೂಟೆಗಳ ನಡುವೆ ಜಾಗ ಹಿಡಿದು, ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು, ಅರ್ಧವಾಗಿ ಇಂದುಮತಿ ಬಂದಿಳಿದಳು. ಬಂದರಿನಲ್ಲಿ ನಿಂತಿದ್ದ ಗಂಡನನ್ನು ಮೇಲಿಂದ ಕೆಳಗೆ ನೋಡಿ, “ಏನ್ರೀ ಇದು, ಇಷ್ಟು ಕರ್ರಗ ಆಗೀರಿ?” ಎಂದಳು. ಪ್ರಹ್ಲಾದ ಆಕೆಯ ಚೀಲ ಇಸಿದುಕೊಂಡ. ಚೀಲದಲ್ಲಿ ಏನಿದೆಯೆಂದು ಕೇಳಿದ.

“ಚಟ್ನಿಪುಡಿ,” ಎಂದಳು ಇಂದುಮತಿ. “ಮತ್ತೇನು ತರ್ಲಿ?”

ಮರುದಿನದ ಅಳತೆಯಲ್ಲಿ ಮುಳ್ಳು ಸೊನ್ನೆಗೆ ಬಿದ್ದು ಮಲಗಿತು. ಫ್ಲೇವಿಯಾ ಎಳೆಗಳನ್ನು ಬಿಚ್ಚಿ ನೋಡಿದರು, ಇನ್ನೊಂದು ಟೋಪಿ ತಂದು ನೋಡಿದರು. ಕೊನೆಗೆ ನಕ್ಕರು. “ಇಷ್ಟು ದಿನ ಧಾರವಾಡ, ಧಾರವಾಡ ಅಂತ ತೋರಿಸ್ತಾ ಇದ್ದದ್ದು ಊರು ಅಲ್ಲ ಮಾರಾಯ್ರೆ.”

“ನನಗೂ ಗೊತ್ತಿದ್ದಿಲ್ರಿ,” ಎಂದ ಪ್ರಹ್ಲಾದ ನಾಚಿಕೊಂಡು. ಇಂದುಮತಿ ಕೇಳಿಸದವಳಂತೆ ಕಿಟಕಿಯಾಚೆ ನೋಡುತ್ತಿದ್ದಳು.

ನೀಲಹಸಿರು ಕಂಪನಿಯ ಷೇರುಗಳು ಕುಸಿದವು. ಅದು ಪ್ರಹ್ಲಾದನನ್ನು ಕೆಲಸದಿಂದ ತೆಗೆದು, ಹಿಂದಿರುಗಲು ಎರಡು ವಿಮಾನದ ಟಿಕೆಟ್ಟುಗಳನ್ನು ಕಳಿಸಿತು. ಈಗ ಹೋಗಲು ಇಬ್ಬರಿಗೂ ಅವಸರವಿರಲಿಲ್ಲ. ಮೈಯೊಳಗಿನ ತೂರಾಟ ನಿಲ್ಲಲಿ, ಆಮೇಲೆ ನೋಡೋಣವೆಂದು ಇಂದುಮತಿ ಒತಾವಿನಾರ ಅಂಗಳದಲ್ಲಿ ಹಾಸಿಕೊಂಡು ಮಲಗಿದಳು. ಫ್ಲೇವಿಯಾ ಒಂದು ಟೋಪಿಯನ್ನು ಸೂಟ್‌ಕೇಸಿಗೆ ಹಾಕಿಕೊಂಡು ಮಂಗಳೂರಿನ ಆಸ್ಪತ್ರೆಯೊಂದಕ್ಕೆ ಹೊರಟುಹೋದರು.

ಕಂಪನಿಗಳು ಏನನ್ನೂ ಕಲಿಯುವುದಿಲ್ಲವೆಂದು ಹೇಳಬಾರದು. ತಿಂಗಳೊಳಗೆ ಜಗತ್ತಿನ ಪತ್ರಿಕೆಗಳಲ್ಲೆಲ್ಲ ನೀಲಹಸಿರಿನ ಪ್ರಕಟಣೆ ಬಂತು. ಹಾಯಿಹಡಗಿನಲ್ಲಿ ಬಂದ ಪ್ರತಿಯನ್ನು ಪ್ರಹ್ಲಾದ ಹೆಂಡತಿಗೆ ಓದಿ ಹೇಳಿದ:

“ಸುಂದರ ದ್ವೀಪರಾಷ್ಟ್ರದಲ್ಲಿ ಹಸಿರು ಉದ್ಯೋಗ. ವಸತಿ ಉಚಿತ. ಮನೆಯವರನ್ನು ಬಹಳ ಹಚ್ಚಿಕೊಂಡವರಿಗೆ ಆದ್ಯತೆ. ಅಭ್ಯರ್ಥಿಯ ಮನೆಯವರಿಗೆ ಸಮುದ್ರಯಾನ ಒಗ್ಗುವುದಿಲ್ಲವೆಂದು ವೈದ್ಯರ ಪ್ರಮಾಣಪತ್ರ ಕಡ್ಡಾಯ.”