ಗಣಿಬಾಯಿಯ ಅಂಚಿನಲ್ಲಿ ನವ್ಯ

ಸೋಮವಾರ ಬೆಳಿಗ್ಗೆ ಆರೂವರೆಗೆ ಚಿಕ್ಕವೆಂಕಟಪ್ಪ ರಾಬರ್ಟ್‌ಸನ್‌ಪೇಟೆಯ ಠಾಣೆಗೆ ಬಂದು, ಮನೆ ಮುಂದೆ ನಿಲ್ಲಿಸಿದ್ದ ತನ್ನ ಆಟೋಗೆ ಯಾರೋ ಬೆಂಕಿ ಇಟ್ಟಿದ್ದಾರೆಂದು ದೂರು ಕೊಟ್ಟ. ಪಿಎಸ್‌ಐ ಇಂದ್ರಾಣಿ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಅಂಬರೀಶನೊಂದಿಗೆ ಹೋಗಿ ಪಂಚನಾಮೆ ಮುಗಿಸಿದಳು. ಸುಟ್ಟ ಸೀಟಿನಡಿ, ಪೆಟ್ರೋಲ್ ತುಂಬಿಸಿದ್ದ ಅಡುಗೆ ಎಣ್ಣೆಯ ಕ್ಯಾನು ಅರ್ಧ ಕರಗಿ ಬಿದ್ದಿತ್ತು. ಅದು ಪಕ್ಕದ ಮನೆಯದು. ಅಲ್ಲಿರುವವಳು ಚಿಕ್ಕವೆಂಕಟಪ್ಪನ ಅಕ್ಕ ಪಾಪಕ್ಕ. ಅವಳ ಮಗಳು, ಹದಿನೈದರ ನವ್ಯ, ಬೆಳಗಿನಿಂದ ಕಾಣುತ್ತಿರಲಿಲ್ಲ.

ಯಾರ ಮೇಲಾದರೂ ಅನುಮಾನವೇ ಎಂದಷ್ಟೇ ಇಂದ್ರಾಣಿ ಕೇಳಿದ್ದು. ಹುಡುಗಿಗೆ ತಾನೇನೂ ಮಾಡಿಲ್ಲ ಎಂದು ಚಿಕ್ಕವೆಂಕಟಪ್ಪ ಕೇಳದ ಪ್ರಶ್ನೆಗೂ ಉತ್ತರ ಕೊಟ್ಟ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಪೊಲೀಸರಿಗೆ ಹೊಸಬರಲ್ಲ.

ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಹಿಂದೆ, ಪಾಳುಬಿದ್ದ ಗಣಿಯ ಬಾಯಿಯ ಹತ್ತಿರ ನವ್ಯಳನ್ನು ಕಂಡೆವೆಂದು ಕುರಿ ಮೇಯಿಸುವವರು ಹೇಳಿದರು. ಅಂಬರೀಶ ಜೀಪು ತಿರುಗಿಸಿದ. ಪಾಪಕ್ಕ ಅಡ್ಡ ಬಂದಳು.

“ಜೀಪ್ನಾಗೆ ಓಗ್ಬೇಡಿ ಮೇಡಂ. ಪೊಲೀಸ್ನೋರು ಇಡ್ಕೊಂಡೋಯ್ತಾರೆ ಅಂತ ಎದರ್ಸೇ ಅವಳಿಗೆ ಉಣ್ಸಿ ಬೆಳೆಸಿದೀನಿ. ಖಾಕಿ ಕಂಡ್ರೆ ಒಳೀಕೆ ಬಿದ್ಬುಡ್ತಾಳೆ.”

ಮಕ್ಕಳನ್ನು ಹಿಡಿಯಲು ಸಮವಸ್ತ್ರದಲ್ಲಿ ಹೋಗಬಾರದು, ಕೋಳ ಹಾಕಬಾರದು, ಲಾಕಪ್ಪಿಗೆ ತಳ್ಳಬಾರದು ಎಂದು ಕಾನೂನೂ ಹೇಳುತ್ತದೆ. ಇಂದ್ರಾಣಿ ಪಾಪಕ್ಕನದೇ ಒಂದು ಸೀರೆಯುಟ್ಟು ಒಬ್ಬಳೇ ನಡೆದಳು.

ಬೇಲಿ ಮುರಿದಿತ್ತು. ನವ್ಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದಳು.

“ಯಾರು ನೀವು?”

ಸುಳ್ಳು ಹೇಳಬಹುದಿತ್ತು. ಹೇಳಿದರೆ ಈ ಹುಡುಗಿ ಮುಂದೆ ಯಾರನ್ನೂ ನಂಬಲಾರಳು.

“ಪೊಲೀಸ್. ಒಬ್ಬಳೇ ಬಂದಿದ್ದೀನಿ.”

ನವ್ಯ ಮುಂದಕ್ಕೆ ಸರಿದಳು. ಒಂದು ಕಲ್ಲು ಜಾರಿ ಒಳಗೆ ಹೋಯಿತು. ತಳ ಮುಟ್ಟಿದ ಸದ್ದು ಕೇಳಲಿಲ್ಲ.

“ಜೈಲ್ಗೆ ಆಕ್ತೀರಾ?”

“ಇಲ್ಲ. ಕೋಲಾರದಲ್ಲಿ ಬಾಲನ್ಯಾಯ ಮಂಡಳಿ ಇದೆ. ನೀನು ಹೇಳೋದನ್ನ ಅಲ್ಲಿ ಕೇಳ್ತಾರೆ.”

“ಆಮೇಲೆ ಮನೇಗೆ ಕಳಿಸ್ತೀರಾ?”

ಇಂದ್ರಾಣಿ ಉತ್ತರಿಸುವ ಮೊದಲೇ ಹುಡುಗಿ ಅಳತೊಡಗಿದಳು.

“ಜೈಲ್ಗೇ ಆಕ್ಬುಡಿ ಅಕ್ಕಾ. ಗುರುವಾರ ಮಾವನ ಜತೆ ನನ್ ಮದ್ವೆ.”

ಇಂದ್ರಾಣಿ ಕೈ ಚಾಚಿದಳು. ಬಹಳ ಹೊತ್ತಿನ ಮೇಲೆ ಬಂದು ಸೇರಿದ ಆ ಪುಟ್ಟ ಕೈಯಲ್ಲಿ ಇನ್ನೂ ಪೆಟ್ರೋಲ್ ವಾಸನೆಯಿತ್ತು.

ಅದೇ ಸಂಜೆ ನವ್ಯ ಮಂಡಳಿಯ ಮುಂದೆ ಕುಳಿತಳು. ಮಂಡಳಿ ಅವಳನ್ನು ಮನೆಗಲ್ಲ, ಬಾಲಮಂದಿರಕ್ಕೆ ಕಳಿಸಿತು. ಮದುವೆಗೆ ತಡೆ ಬಿತ್ತು.

ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ಆ ಮನೆಯ ಹಳೆಯ ಪದ್ಧತಿ. ನವ್ಯ ಬೇಡವೆಂದು ಅತ್ತಾಗಲೆಲ್ಲ, ಆಟೋ ಇರುವ ಗಂಡು ಇನ್ನೆಲ್ಲಿ ಸಿಕ್ಕಾನು ಎಂದು ಎಲ್ಲರೂ ಅವಳ ಬಾಯಿ ಮುಚ್ಚಿಸಿದ್ದರು. ಆಟೋ ಹೋದರೆ ಗಂಡೂ ಹೋಗುತ್ತಾನೆ ಎಂದು ಆ ಮಗು ನಂಬಿತ್ತು.